ಸೀಮೆಸುಣ್ಣದೊಳಗೆ

ಸಾಲ್ಟ್‌ಡೀನಿನ ಕಡಲು ಇವತ್ತು ಬಹಳ ಹಿಂದೆ ಸರಿದಿದೆ.
ಹುಣ್ಣಿಮೆಯ ಮಾರನೆ ದಿನ, ಮೋಡ, ಸಂಜೆ ಆರೂಕಾಲರ ಇಳಿತ.
ಬಂಡೆಯ ಮೇಲೆ ಪಾಚಿ, ಪಾಚಿಯ ಕೆಳಗೆ ಬಿಳುಪು,
ಊರಿಗೆ ಊರೇ ಕೂತು ಬರೆದರೂ ಮುಗಿಯದ ಸೀಮೆಸುಣ್ಣ.
ಸೀಮೆಯೆಂದರೆ ಯಾವ ಸೀಮೆ ಎಂದು
ಶಾಲೆಯಲ್ಲಿ ಕೇಳಿರಲಿಲ್ಲ. ಇದೇ ಇರಬೇಕು.
ಬೂಟಿನಡಿ ಸಾಬೂನಿನ ಹಾಗೆ ಜಾರುತ್ತದೆ.

ಗ್ವೆನ್ ಪೆಲ್ಲಿಂಗ್ ಎಪ್ಪತ್ತೊಂದರ ಮಂಡಿಯೂರಿ
ತಂತಿಯ ಚೌಕಟ್ಟಿನೊಳಗೆ ತೂತು ಎಣಿಸುತ್ತಾಳೆ.
ಬರೆದುಕೊಳ್ಳುವ ಕೆಲಸ ನನ್ನದು.

ಕಲ್ಲೊಳಗೆ ಕಪ್ಪೆ ಇರುತ್ತದೆಂದು ಕೇಳಿದ್ದೆ,
ಕಪ್ಪೆಚಿಪ್ಪು ಕಂಡದ್ದು ಇಲ್ಲೇ.
ಹೆಸರು ಪಿಡ್ಡಕ್. ಬೈಗುಳದ ಹಾಗೆ ಕೇಳಿಸುತ್ತದೆ.
ಅಲೆ ಒಡೆದುಹಾಕಿದ ಗಟ್ಟಿಯೊಂದರಲ್ಲಿ ಸತ್ತದ್ದು ಸಿಕ್ಕಿತು:
ನಡುಬೆರಳಷ್ಟು ಉದ್ದ, ಉಗುರಿನಷ್ಟು ತೆಳು,
ಬೆಳಕಿಗೆ ಹಿಡಿದರೆ ಆಚೆ ನನ್ನದೇ ಹೆಬ್ಬೆಟ್ಟಿನ ನೆರಳು.
ಮುಂದಿನ ತುದಿಗೆ ಮಾತ್ರ ಸಾಲು ಸಾಲು ಮುಳ್ಳು,
ಹೆರೆಮಣೆಯ ಹಲ್ಲೇ, ಗೊಂಬೆಮನೆಯ ಅಳತೆಯದು.
ಇಷ್ಟರಲ್ಲೇ ಕಲ್ಲು ಕೊರೆಯುವುದು:
ಅರ್ಧ ಸುತ್ತು ಆ ಕಡೆ, ಅರ್ಧ ಸುತ್ತು ಈ ಕಡೆ,
ಅವಸರವಂತೂ ಇಲ್ಲವೇ ಇಲ್ಲ.

ಸಾಸಿವೆಗಿಂತ ಸಣ್ಣದಿದ್ದಾಗ ಬಂದು ಕೂತಿತಂತೆ.
ಒಳಗೊಳಗೇ ಬೆಳೆಯಿತು. ಬಾಗಿಲು ಬೆಳೆಯಲಿಲ್ಲ.
ಈಗ ಹೂಜಿಯೊಳಗೆ ಬಲಿತ ಸೌತೆ.
ಹೊರಗೆ ಇಣುಕುವುದು ಜೋಡಿ ಕೊಳವೆಯ ಮೂತಿಯಷ್ಟೇ,
ಒಂದರಲ್ಲಿ ಕಡಲು ಒಳಗೆ, ಒಂದರಲ್ಲಿ ಕಡಲು ಹೊರಗೆ.
‘ಪಾಪ’ ಅಂದೆ.
ಗ್ವೆನ್ ತಲೆಯೆತ್ತಲಿಲ್ಲ. ‘ನಲವತ್ತೊಂದು. ಬರಕೋ.’

ನನ್ನ ಅಜ್ಜಿ ಗಂಗಾವಳಿ ಅಳಿವೆಯ ದಂಡೆಯಲ್ಲಿ
ಬಳಚಿನ ಚಿಪ್ಪು ಸುಟ್ಟು ಸುಣ್ಣ ಮಾಡುತ್ತಿದ್ದಳು. ಬುಟ್ಟಿಗೆ ಎಂಟಾಣೆ.
ನೀರು ಬಿದ್ದದ್ದೇ ಚಿಪ್ಪು ಬುಸುಗುಟ್ಟಿ ಅರಳಿ ಹುಡಿಯಾಗುವುದು.
ಆ ಉರಿಗೆ ಅವಳ ಬೆರಳ ಗೆರೆಗಳೆಲ್ಲ ಅಳಿಸಿದ್ದವು,
ಕೊನೆಗಾಲಕ್ಕೆ ರೇಷನ್ ಅಂಗಡಿಯ ಯಂತ್ರ
ಅವಳನ್ನು ಅವಳೆಂದು ಒಪ್ಪಲೇ ಇಲ್ಲ.
ಚಿಪ್ಪಿನಿಂದ ಸುಣ್ಣ, ಅದು ಅವಳ ಲೆಕ್ಕ.
ಇಲ್ಲಿ ಕಣ್ಣಿಗೆ ಕಾಣದ ಚಿಪ್ಪುಗಳು ಸತ್ತು ಸತ್ತು ಗುಡ್ಡವಾಗಿ,
ಆ ಸುಣ್ಣವನ್ನು ಇನ್ನೊಂದು ಚಿಪ್ಪು ಹೆರೆದು ಹೆರೆದು ಮನೆ ಮಾಡಿದೆ.
ಹೇಳಿದ್ದರೆ ನಗುತ್ತಿದ್ದಳು. ಅಥವಾ ದರ ಕೇಳುತ್ತಿದ್ದಳು.

ಕತ್ತಲಾಯಿತು. ಗ್ವೆನ್ ಟಾರ್ಚು ಆರಿಸಿದಳು.
‘ಒಂದೇ ಸಲ’ ಎಂದು ಬೆರಳ ತುದಿಯಲ್ಲಿ ಮೂತಿ ಮುಟ್ಟಿದಳು.
ಅದು ಪುಳಕ್ಕನೆ ನೀರುಗುಳಿ ಒಳಸರಿಯಿತು,
ತೂತಿನ ತುಂಬ ಹಸಿರೋ ನೀಲಿಯೋ,
ಗ್ಯಾಸಿನ ಒಲೆ ಸಣ್ಣಗಿಟ್ಟ ಹಾಗೆ, ಬಿಸಿಯಿಲ್ಲ.
ಯಾರು ನೋಡಲೆಂದು? ಅದಕ್ಕೇ ಕಣ್ಣಿಲ್ಲ.
ಬೆರಳಿಗೆ ಹತ್ತಿದ್ದನ್ನು ಗ್ವೆನ್ ಪ್ಯಾಂಟಿಗೆ ಒರೆಸಿಕೊಂಡಳು;
ಪ್ಯಾಂಟೂ ಸ್ವಲ್ಪ ಹೊತ್ತು ಬೆಳಗಿತು.

ಕಡಲು ತಿರುಗಿತ್ತು. ಏಳುವಾಗ ಅವಳ ಮಂಡಿ ಲಟಕ್ಕೆಂದಿತು.
ಬ್ರೈಟನ್ ಬಸ್ಸಿನಲ್ಲಿ ಕೂತ ಮೇಲೆ ಜೇಬಿಗೆ ಕೈ ಹಾಕಿದರೆ
ಚಿಪ್ಪು ಪುಡಿ.
ತೋರುಬೆರಳಿಗೆ ಬಿಳಿ ಹತ್ತಿತ್ತು,
ಒಂದು ವೀಳ್ಯದೆಲೆಗೆ ಸವರುವಷ್ಟು.