ಒಳಲೆ

ಬೆನ್ನ ಹಿಂದೆ ಹತ್ತು ಸಾವಿರ ಲೀಟರು
ತುಳುಕುತ್ತ ಏರುತ್ತದೆ ಆಲ್ತೊ ಓಸ್ಪಿಸಿಯೊದ ದಿಬ್ಬ.
ಮುಂದೆ, ಗೇರಿನ ಪಕ್ಕ,
ಆಸ್ಪತ್ರೆಯವರು ಕೊಟ್ಟ ಪ್ಲಾಸ್ಟಿಕ್ ಬಟ್ಟಲು,
ಹಸುಗೂಸಿಗೆ ಹಾಲೆರೆಯುವ ಒಳಲೆಯಷ್ಟೇ.
ನನ್ನ ಪಾಲು ಅದು.

ನೂರ ನಲವತ್ತೆರಡು ಕೆಜಿಯ ನಿಬಾಲ್ದೊ
ಎರಡು ಲೀಟರಿನ ಕೋಲಾವನ್ನು
ಊರು ದಾಟುವುದರೊಳಗೆ ಮುಗಿಸಿ
ಬಾಟಲಿಯನ್ನು ಕಿಟಕಿಯಿಂದಾಚೆ ಎಸೆಯುತ್ತಿದ್ದ.
ಮರುಭೂಮಿಯಲ್ಲಿ ಅವೆಲ್ಲ ಇನ್ನೂ ಬಿದ್ದಿವೆ.
ಇಲ್ಲಿ ಏನೂ ಕೊಳೆಯುವುದಿಲ್ಲ.

ಈಗ ಐದೈದು ನಿಮಿಷಕ್ಕೆ ಫೋನು ಕುಂಯ್ ಎನ್ನುತ್ತದೆ,
ಮಗಳು ಯೊಸೆಲಿನ್ ಇಟ್ಟುಕೊಟ್ಟ ಅಲಾರಂ.
ಗುಟುಕು.
ಗಟಗಟ ಅಲ್ಲ. ಸ್ಟ್ರಾ ಬೇಡ. ಗುಳ್ಳೆಯೇಳುವ ಯಾವುದೂ ಬೇಡ.
ಊಟಕ್ಕೆ ಅರ್ಧ ಗಂಟೆ ಮೊದಲೇ ನಿಲ್ಲಿಸು,
ಉಂಡು ಅರ್ಧ ಗಂಟೆ ಬಿಟ್ಟು ಮತ್ತೆ ಶುರುಮಾಡು.
ಒಮ್ಮೆ ಮರೆತು ದೊಡ್ಡದಾಗಿ ನುಂಗಿಬಿಟ್ಟೆ:
ಎದೆಯ ನಡುವೆ ಯಾರೋ ಮುಷ್ಟಿ ಬಿಗಿದು ಕೂತಂತೆ.
ಲಾರಿ ನಿಲ್ಲಿಸಿ, ಉಪ್ಪುನೆಲದ ಮೇಲೆ ಬಗ್ಗಿ ನಿಂತೆ.
ನೀರು ಹೊರುವವನಿಗೆ ನೀರೇ ಕಲ್ಲಾಯಿತೆಂದರೆ
ಯಾರು ನಂಬಿಯಾರು.

ಮಾತ್ರೆಗಳದು ಬೇರೆ ಸಂಸಾರ.
ಕಬ್ಬಿಣ, ಕ್ಯಾಲ್ಸಿಯಂ ಓರಗಿತ್ತಿಯರು,
ಒಂದೇ ಹೊತ್ತಿಗೆ ಒಂದೇ ಒಲೆಯ ಮುಂದೆ ನಿಲ್ಲರು;
ನಡುವೆ ಎರಡು ಗಂಟೆ ಬೇಕು.
ಕಬ್ಬಿಣ ಬೆಳಗಿನ ಮೊದಲ ಸುತ್ತಿಗೆ,
ಕ್ಯಾಲ್ಸಿಯಂ ಮತ್ತೆ ಟ್ಯಾಂಕು ತುಂಬಿಸುವಾಗ.
ಬಿ ಹನ್ನೆರಡು ನಾಲಿಗೆಯ ಕೆಳಗೆ:
ಚೆರ್ರಿ ರುಚಿ, ಸುಳ್ಳು ಚೆರ್ರಿ.
ಅಗಿಯುವ ವಿಟಮಿನ್ನು ಅಪ್ಪಟ ಸೀಮೆಸುಣ್ಣ.

ಚಳಿಗಾಲದಲ್ಲಿ ಎಲ್ಲ ಬಿಟ್ಟಿದ್ದೆ,
ತೂಕ ಇಳಿಯಿತಲ್ಲ, ಇನ್ನೇನು ಅಂತ.
ಮೊದಲು ಕಾಣೆಯಾದವು ಕಾಲ್ಬೆರಳು.
ಆಮೇಲೆ ಕ್ಲಚ್ಚಿನ ಮೇಲೆ
ಇದೆಯೋ ಇಲ್ಲವೋ ತಿಳಿಯದ ಪಾದ.
ದಾದಿ ಗ್ರಿಮಾನೆಸಾ ಬೈಯಲಿಲ್ಲ.
"ನಿನ್ನ ಲಾರಿ ಬರೀ ಡೀಸೆಲ್ಲಿನಲ್ಲಿ ಓಡುತ್ತದೇನು?
ಆಯಿಲ್ ಹಾಕುವುದಿಲ್ಲವೇನು?" ಎಂದಳು,
ಸೂಜಿ ಚುಚ್ಚುತ್ತ.

ಇವತ್ತಿನ ಕೊನೆಯ ಮನೆ ಉಬೆರ್ಲಿಂದಾಳದು.
ಹಲಗೆ, ತಗಡು, ಬಾಗಿಲಲ್ಲಿ ಎರಡು ನೀಲಿ ಡ್ರಮ್ಮು.
ಪೈಪು ಇಳಿಬಿಟ್ಟೆ. ಅವಳು ಗೆರೆ ಕೊರೆದ ಕೋಲನ್ನದ್ದಿ ಅಳೆದಳು:
ಈ ಗೆರೆಯವರೆಗೆ ಅಡುಗೆ, ಈ ಗೆರೆಯವರೆಗೆ ಮೈ,
ಪಾತ್ರೆ ತೊಳೆದ ನೀರು ಅಂಗಳದ ಒಂಟಿ ಮೆಣಸಿನ ಮರಕ್ಕೆ.
ಇಪ್ಪತ್ತು ವರ್ಷದಿಂದ ಅವಳದು ಇದೇ ಪಥ್ಯ,
ಯಾವ ಡಾಕ್ಟರೂ ಬರೆದುಕೊಟ್ಟದ್ದಲ್ಲ.

"ಯಾಕೋ ಬತ್ತಿಹೋದೆ," ಎಂದಳು,
ಎಂದಿನಂತೆ ದೊಡ್ಡ ಲೋಟ ಹಿಡಿದು ಬಂದು.
ಫೋನು ಕುಂಯ್ ಎಂದಿತು.
ನಾಚಿಕೊಂಡೇ ನನ್ನ ಬಟ್ಟಲು ಚಾಚಿದೆ.
ಅವಳು ನಗಲಿಲ್ಲ. ಅಂಚಿನವರೆಗೆ ಸುರಿದಳು,
ಒಂದು ಹನಿಯೂ ಆಚೆ ಬೀಳಲಿಲ್ಲ.

"ಇಷ್ಟೇನಾ?"
"ಐದು ನಿಮಿಷಕ್ಕೆ ಸಾಕು."
ಬಕೆಟ್ಟು ಬೋರಲು ಹಾಕಿದಳು ನನಗೆ, ಇನ್ನೊಂದು ತನಗೆ.
"ಹಾಗಾದರೆ ಕೂತ್ಕೊ. ಮುಂದಿನದೂ
ಇಲ್ಲೇ ಕುಡಿದು ಹೋಗು."