ನಡುವಿನ ಹೆಸರು

ಬರ್ಲಿನ್ನಿಂದ ಬಂದ ನಮೂನೆಯಲ್ಲಿ ಮೊದಲನೆಯ ಕಾಲಮ್ಮು:
ಪೂರ್ಣ ಹೆಸರು.
ಅಲ್ಲೇ ನಿಂತಿದೆ ನನ್ನ ಪೆನ್ನು
ಮೂರು ದಿನದಿಂದ.

ಬಿಸ್ಕತ್ತಿನ ಡಬ್ಬಿ ನನ್ನಜ್ಜಿಯದು. ದೇಯಿ,
ಘಟ್ಟದ ಕೆಳಗಿಂದ ಹತ್ತಿ ಬಂದು
ಚಿಕ್ಕಮಗಳೂರಿನ ಕಾಫಿ ಕ್ಯೂರಿಂಗಿನಲ್ಲಿ ಬೀಜ ಆರಿಸಿದವಳು,
ಕರಿಬೀಜ ಒಂದು ಕಡೆ, ಒಡಕು ಒಂದು ಕಡೆ.
ಡಬ್ಬಿಯ ಒಳಗಿನದು ಅವಳದಲ್ಲ.

ಕಾಫಿ ಕುದಿಸಿ, ಚಮಚೆಯಲ್ಲಿ ಸೊರ್ರೆಂದು ಎಳೆದು, ಉಗಿದು
ದರ್ಜೆ ಹೇಳುತ್ತಿದ್ದ ಹೆಂಗಸಿನದು ಅದು.
ಬ್ರೆಸ್ಲೌ ಎಂಬ ಊರಿನವಳು. ಈಗ ಆ ಊರಿಗೂ
ಬೇರೆ ಹೆಸರು, ಬೇರೆ ದೇಶ.
ಮೊದಲ ದಿನ ಹೆಸರು ಕೇಳಿದರೆ
ಲೊಟ್ಟೆ, ಅಂದಳಂತೆ.
ಸಾಲಾಗಿ ಕೂತಿದ್ದ ನಲವತ್ತು ಹೆಂಗಸರು
ಮೊರ ಕೆಳಗಿಟ್ಟು ನಕ್ಕರಂತೆ:
ನಮ್ಮ ಕಡೆ ಲೊಟ್ಟೆಯೆಂದರೆ ಸುಳ್ಳು!
ಯಾವ ತಾಯಿ ಮಗಳಿಗೆ ಸುಳ್ಳೆಂದು ಹೆಸರಿಡುತ್ತಾಳೆ?
ಕೆಂಪ್ನರ್ ಎಂಬ ಮನೆತನ ನಾಲಗೆಗೆ ಹೊರಳದೆ
ಮೇಸ್ತ್ರಿ ಹಾಜರಿ ಪುಸ್ತಕದಲ್ಲಿ ಬರೆದ:
ಕೆಂಪಮ್ಮ.

ಪಾಸ್‌ಪೋರ್ಟಿನಲ್ಲಿ ಬೇರೆಯೇ ಇದೆ.
ಮೊದಲ ಪುಟಕ್ಕೆ ಕೆಂಪು ಶಾಯಿಯ ದೊಡ್ಡ ಜೆ.
ಲೊಟ್ಟೆಗೂ ಕೆಂಪ್ನರಿಗೂ ನಡುವೆ
ಸಾರಾ.
ಚಂದದ ಹೆಸರು ಅಂದುಕೊಂಡಿದ್ದೆ. ಸಾರ. ತಿರುಳು.
ದಾಖಲೆಮನೆಯ ಫ್ರೌ ಟೆಸ್ಲರ್ ಬರೆದ ಮೇಲೆ ತಿಳಿಯಿತು
ಅದು ತಾಯಿ ಇಟ್ಟದ್ದಲ್ಲ;
ಹೆಸರಲ್ಲೇ ಜಾತಿ ಕಾಣದ ಯೆಹೂದಿ ಹೆಂಗಸರಿಗೆಲ್ಲ
ಸರ್ಕಾರ ದನಕ್ಕೆ ಬರೆ ಎಳೆದ ಹಾಗೆ ಎಳೆದದ್ದು.
ಹಾಗಾದರೆ ಅಜ್ಜಿ,
ನೀವು ನಕ್ಕ ಹೆಸರೇ ನಿಜ.

ಯುದ್ಧ ಮುಗಿದು, ಕಡೂರಿನಲ್ಲಿ ರೈಲು ಹತ್ತುವಾಗ
ಡಬ್ಬಿ ಕೊಟ್ಟು ಹೇಳಿದಳಂತೆ:
ಇದರಲ್ಲಿರುವವರು ಯಾರಾದರೂ ಬಂದು ಕೇಳಿದರೆ ಕೊಡು.
ಯಾರೂ ಬರಲಿಲ್ಲ.
ಅಜ್ಜಿ ಪ್ರತಿ ಮಾಘದಲ್ಲಿ ಆ ಕಾಗದಗಳನ್ನು
ಚಾಪೆಯ ಮೇಲೆ ಬಿಸಿಲಿಗೆ ಹರಡಿ
ಕಾಫಿ ಹೊರಳಿಸಿದ ಹಾಗೆ ಹೊರಳಿಸಿದಳು.
ಬಿಸಿಲು ಶಾಯಿಯ ಶತ್ರು, ಎನ್ನುತ್ತಾರೆ ಫ್ರೌ ಟೆಸ್ಲರ್.
ಒಂದು ಹುಳವೂ ಇಲ್ಲ ನೋಡಿ, ಎಂದು ನಾನು.
ಇಬ್ಬರೂ ಸರಿ.

ಇಪ್ಪತ್ಮೂರು ಕಾಗದ. ಮುಳ್ಳುಬೇಲಿಯಂಥ ಅಕ್ಷರ,
ಈಗಿನ ಜರ್ಮನರಿಗೂ ಬಾರದಂತೆ,
ಹಳೆಯ ಕಡತದ ಮೋಡಿ ಲಿಪಿ ನಮಗೆ ಬಾರದ ಹಾಗೆ.
ಬೇಲೂರು ರಸ್ತೆಯ ಜೆರಾಕ್ಸ್ ಅಂಗಡಿಯಲ್ಲಿ ನೂರುಲ್ಲಾ
ಒಂದನ್ನು ಎತ್ತಿ ಹಿಡಿದ. ಮೂಲೆಯಲ್ಲಿ
ಚೌಕ ಚೌಕ ಅಕ್ಷರದ ಒಂದೇ ಸಾಲು.
ಇದು ಬಲದಿಂದ ಎಡಕ್ಕೆ, ಅಂದ, ನಮ್ಮದರ ಹಾಗೆ.
ತಲೆಕೆಳಗು ಇಟ್ಟಿದ್ದೀರಿ ಅಕ್ಕಾ.
ತಿರುಗಿಸಿ ಗಾಜಿನ ಮೇಲಿಟ್ಟ. ದುಡ್ಡು ತೆಗೆದುಕೊಳ್ಳಲಿಲ್ಲ
ಅಂತ ಬರೆಯಬಹುದಿತ್ತು. ತೆಗೆದುಕೊಂಡ,
ಪುಟಕ್ಕೆ ಎರಡು ರೂಪಾಯಿ.

ಕೊನೆಯದು ರೆಡ್‌ಕ್ರಾಸಿನ ಚೀಟಿ, ನಲವತ್ತೆರಡರದು.
ಇಪ್ಪತ್ತೈದು ಮಾತು ಮೀರುವಂತಿಲ್ಲ.
ತಾಯಿ ಇಪ್ಪತ್ತೆರಡರಲ್ಲೇ ಮುಗಿಸಿದ್ದಾಳೆ:
ಊರು ಬದಲಾಗುತ್ತಿದೆ, ಆರೋಗ್ಯ ಚೆನ್ನಾಗಿದೆ, ಉಣ್ಣು.
ಉಳಿದ ಮೂರು ಮಾತು ಯಾವುದೆಂದು
ನಾನು ಅಡುಗೆ ಮಾಡುತ್ತಾ ಯೋಚಿಸುತ್ತೇನೆ.

ಸಾರಾ ಬಿಟ್ಟು ಬರೆಯಲೇ? ಕೇಳಿದೆ.
ಬೇಡ, ಎಂದು ಉತ್ತರ ಬಂತು ರಾತ್ರಿಯೇ.
ಕೊಲ್ಲಲು ಒಯ್ದವರ ಪಟ್ಟಿಯಲ್ಲಿ
ಅವಳ ತಾಯಿ, ತಂಗಿ ಆ ಹೆಸರಿನಿಂದಲೇ ಇದ್ದಾರೆ;
ಸುಳ್ಳನ್ನು ಅಳಿಸಿದರೆ
ಅವರಿಗೆ ಇವಳು ಸಿಗುವುದಿಲ್ಲ.

ಬರೆದೆ. ಲೊಟ್ಟೆ, ಆಮೇಲೆ ಕಂಸದಲ್ಲಿ ಸಾರಾ,
ಬದಿಯಲ್ಲಿ ಚಿಕ್ಕದಾಗಿ: ಹೇರಿದ್ದು.
ಇತರ ಹೆಸರು: ಕೆಂಪಮ್ಮ.
ಆಧಾರ: ಅಜ್ಜಿಯ ಬಾಯಿಮಾತು.

ಕೊನೆಯ ಕಾಲಮ್ಮು ಕಾಪಾಡಿದವರ
ಪೂರ್ಣ ಹೆಸರು ಕೇಳುತ್ತದೆ.
ಕ್ಯೂರಿಂಗಿನ ಹಳೆ ಪುಸ್ತಕ ಹುಡುಕಿಸಿದೆ.
ಇರುವುದಿಷ್ಟೇ:
ದೇಯಿ, ಮೂರನೇ ಸಾಲು.