ಹದಿನಾಲ್ಕನೆಯ ಚಿತ್ರ

ಹಲ್ಲು ಬಿದ್ದ ಜಾಗದಲ್ಲಿ ನಾಲಿಗೆಯಾಡಿಸುತ್ತ
ಕೂತಿದ್ದಳು ಅರಾಂಕಾ, ಆರು ವರ್ಷದವಳು.
ಕಾಲು ನೆಲಕ್ಕೆ ಎಟುಕುತ್ತಿರಲಿಲ್ಲ.
ಅಣ್ಣನ ಬೂಟು, ತುದಿಗೆ ತುರುಕಿದ ಹಳೇ ಪತ್ರಿಕೆ.
ಮೇಜಿನ ಮೇಲೆ ಇಪ್ಪತ್ತು ಚಿತ್ರ,
ನನ್ನ ಕೈಲಿ ಗಡಿಯಾರ, ಕೆಂಪು ಪೆನ್ಸಿಲು.

ಹದಿನಾಲ್ಕನೆಯದು ಸ್ನಾನದ ತೊಟ್ಟಿ:
ಬಿಳಿ ಪಿಂಗಾಣಿ, ಬಾಗಿದ ಅಂಚು.
ನೋಡಿದಳು. ತಲೆ ವಾಲಿಸಿ ಇನ್ನೊಮ್ಮೆ ನೋಡಿದಳು.
"ದೋಣಿ" ಅಂದಳು.

ತಪ್ಪು ಎಂದು ಬರೆದೆ.
ನನ್ನ ಅಕ್ಷರ ದುಂಡಗೆ, ಎಲ್ಲರೂ ಹೊಗಳುವಂಥದ್ದು.

ಅವರ ಕೇರಿಗೆಲ್ಲ ಒಂದೇ ನಲ್ಲಿ,
ಜನವರಿಯಲ್ಲಿ ಅದಕ್ಕೂ ಗಂಟಲು ಕಟ್ಟುತ್ತದೆ.
ಆ ಸಾಲಿನಲ್ಲಿ ಅವಳು ಬಕೆಟ್ಟು ಎಣಿಸುವುದನ್ನು
ಬಸ್ಸಿಗೆ ಕಾಯುತ್ತ ನಾನೇ ಕೇಳಿದ್ದೆ:
ಯೇಖ್, ದುಯ್, ತ್ರಿನ್, ಷ್ತಾರ್, ಪಾಂಜ್...
ಆಮೇಲೆ ಅದನ್ನೇ ಸ್ಲೋವಾಕಿನಲ್ಲಿ,
ಅಜ್ಜಿ ನಗಲೆಂದು ಮತ್ತೆ ಹಂಗೇರಿಯನ್ನಿನಲ್ಲಿ.
ಅವರ ಮನೆಯಲ್ಲಿ ಪಾನಿ ಎಂದರೆ ನೀರು.
ಶಾಲೆಯಲ್ಲಿ ಅದೇ ಸದ್ದು ನನ್ನನ್ನು ಕರೆಯುವ ಮರ್ಯಾದೆ,
ಅಮ್ಮಾವ್ರೇ ಅಂದ ಹಾಗೆ.
ಇದಕ್ಕೆಲ್ಲ ನನ್ನ ಹಾಳೆಯಲ್ಲಿ ಕಾಲಮ್ಮು ಇರಲಿಲ್ಲ.

ಹೋದಳು, ರೈಲು ಹಳಿಯಾಚೆಯ ಶಾಲೆಗೆ.
ಬೋರ್ಡಿನ ಮೇಲೆ 'ವಿಶೇಷ' ಎಂದಿದೆ.
ಎಂಟು ವರ್ಷ ಗುಂಡಿ ಹೊಲಿಯುವುದನ್ನು ಕಲಿಸುತ್ತಾರೆ ಅಲ್ಲಿ;
ನೂರರಾಚೆ ಎಣಿಸು ಎಂದು ಯಾರೂ ಕೇಳುವುದಿಲ್ಲ.

ಹೋದ ಚಳಿಗಾಲ, ಮಗಳ ಮನೆಯಲ್ಲಿ,
ಮೊಮ್ಮಗ ತದೇಯಾಶ್ ಮೈತುಂಬ ನೊರೆ ಮಾಡಿಕೊಂಡು
ತೊಟ್ಟಿಯ ಅಂಚು ತಟ್ಟುತ್ತ ಕೂಗಿದ:
"ದೋಣಿ! ಅಜ್ಜೀ, ದೋಣಿ!"
ಅಳಿಯ ಓಡಿಬಂದು ಫೋಟೋ ತೆಗೆದ.
"ಎಂಥ ಕಲ್ಪನೆ ನೋಡಮ್ಮಾ," ಅಂದಳು ಮಗಳು,
"ಎಲ್ಲಾ ನಿನ್ನದೇ ಬುದ್ಧಿ."

ಟವೆಲ್ಲು ಹಿಡಿದು ನಿಂತೇ ಇದ್ದೆ.
ಹುಡುಗನಿಗೆ ಚಳಿ ಹತ್ತಿತು.

ಮೊನ್ನೆ ಅಂಗಡಿಯಲ್ಲಿ, ಹಿಟ್ಟಿನ ಚೀಲಗಳ ಪಕ್ಕ,
ಯಾರೋ ಕರೆದರು. ಅರಾಂಕಾ.
ನನಗಿಂತ ಎತ್ತರ ಬೆಳೆದಿದ್ದಾಳೆ.
ಸೆರಗಿಲ್ಲದ ಆ ದೇಶದಲ್ಲಿ ಅವಳ ಕೋಟಿನ ತುದಿ ಹಿಡಿದು
ಹಲ್ಲು ಬಿದ್ದ ಒಬ್ಬಳು.
"ಸೆಪ್ಟೆಂಬರಿಗೆ ಇವಳ ಶಾಲೆ," ಅಂದಳು.
ದನಿಯಲ್ಲಿ ಸಿಟ್ಟಿರಲಿಲ್ಲ; ಇದ್ದಿದ್ದರೆ ಚೆನ್ನಾಗಿತ್ತು.
"ಚಿತ್ರಗಳು ಈಗಲೂ ಅವೇನಾ, ಪಾನಿ?
ದಿನಾ ರಾತ್ರಿ ಹೇಳಿಕೊಡುತ್ತಿದ್ದೇನೆ:
ಅದಕ್ಕೆ ತೊಟ್ಟಿ ಅನ್ನಬೇಕು,
ದೋಣಿ ಅನ್ನಬಾರದು ಅಂತ."

ಹುಡುಗಿ ನನ್ನನ್ನು ನೋಡಿದಳು.
ತಲೆ ವಾಲಿಸಿ ಇನ್ನೊಮ್ಮೆ ನೋಡಿದಳು.